ಬೇಸಿಗೆ ರಜೆಯ ಗೊತ್ತುವಳಿ

ವಾದದಲ್ಲಿ ಗೆಲ್ಲುವುದು ಅಂಥ ಕಷ್ಟದ ಕೆಲಸವಲ್ಲ. ಗೆದ್ದ ವಾದದೊಡನೆ ಒಂದೇ ಮನೆಯಲ್ಲಿ ಬಾಳುವುದು ಕಷ್ಟ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಈ ತೊಂದರೆ ಇರಲಿಲ್ಲ. ಗೆದ್ದವರು ಬಹುಮಾನದ ಸ್ಟೀಲ್ ಲೋಟವನ್ನು ಹಿಡಿದು ಮನೆಗೆ ಹೋಗುತ್ತಿದ್ದರು, ವಿಷಯ ವೇದಿಕೆಯ ಮೇಲೆಯೇ ಉಳಿಯುತ್ತಿತ್ತು. ನಾನು ಒಂದೇ ವರ್ಷದಲ್ಲಿ ಕೂಡುಕುಟುಂಬದ ಪರವಾಗಿ ಮಾತಾಡಿ ಒಂದು ಲೋಟವನ್ನೂ, ವಿರೋಧವಾಗಿ ಮಾತಾಡಿ ಇನ್ನೊಂದನ್ನೂ ಗೆದ್ದವಳು. ಎರಡೂ ಲೋಟಗಳು ಈಗ ನಮ್ಮ ಅಡುಗೆಮನೆಯಲ್ಲಿ ಒಂದರೊಳಗೊಂದು ಕೂತಿವೆ. ಅವುಗಳ ನಡುವೆ ಯಾವ ಭಿನ್ನಾಭಿಪ್ರಾಯವೂ ಇದ್ದಂತೆ ಕಾಣುವುದಿಲ್ಲ.

ಹೂವಿನಹಡಗಲಿಗೆ ಸೊಸೆಯಾಗಿ ಬಂದ ಮೇಲೆ, ಸಮಾಜವನ್ನು ತಿದ್ದುವ ಕಾರ್ಯವನ್ನು ಎಲ್ಲಿಂದ ಆರಂಭಿಸಬೇಕೆಂದು ನಾನು ಬಹಳ ಯೋಚಿಸಿದೆ. ಕೊನೆಗೆ ಶಾಲೆಗೆ ಸೇರುವ ವಯಸ್ಸಾಗದವರಿಂದ ಆರಂಭಿಸಿದೆ. ಅವರಿಗಿಂತ ದೊಡ್ಡವರು ಯಾರೂ ತಿದ್ದಿಸಿಕೊಳ್ಳಲು ಸಿದ್ಧರಿರಲಿಲ್ಲ. ತೊಂಬತ್ತರ ದಶಕದ ಆ ವರ್ಷಗಳಲ್ಲಿ ನಮ್ಮ ಓಣಿಯಲ್ಲಿ ಗಂಡಹೆಂಡಿರಿಬ್ಬರೂ ಶಿಕ್ಷಕರಾಗಿದ್ದ ಮನೆಗಳು ಹೆಚ್ಚತೊಡಗಿದ್ದವು. ಬೆಳಿಗ್ಗೆ ಒಬ್ಬರು ಹೊಳಲಿನ ಬಸ್ಸನ್ನೂ ಇನ್ನೊಬ್ಬರು ತಂಬ್ರಹಳ್ಳಿ ಕಡೆಯ ಬಸ್ಸನ್ನೂ ಹಿಡಿದರೆ, ನಡುವೆ ಉಳಿಯುವ ಮಗು ನಮ್ಮ ಪಡಸಾಲೆಗೆ ಬರುತ್ತಿತ್ತು. ಆ ಪಡಸಾಲೆಗೆ ನನ್ನದೇ ಸಂವಿಧಾನವಿತ್ತು. ಗುಮ್ಮ ಬರುತ್ತಾನೆಂದು ಯಾರೂ ಹೆದರಿಸುವಂತಿಲ್ಲ. ಸುಳ್ಳು ಹೇಳಿ ಉಣ್ಣಿಸುವಂತಿಲ್ಲ. ಒಂದಕ್ಕೆ ಬಂದ ಮಗು ಕಿರುಬೆರಳನ್ನೆತ್ತಿ ತೋರಿಸಬೇಕು; ತೋರಿಸಿದ ಕೂಡಲೇ ದೊಡ್ಡವರು ಎಂಥ ಘನವಾದ ಮಾತಿನ ನಡುವೆ ಇದ್ದರೂ ನಿಲ್ಲಿಸಿ, ಮಗುವನ್ನು ಹಿತ್ತಲಿಗೆ ಕರೆದೊಯ್ಯಬೇಕು. ನಾನು ಜಾರಿಗೆ ತಂದ ಸುಧಾರಣೆಗಳಲ್ಲಿ ಪೂರ್ಣವಾಗಿ ಯಶಸ್ವಿಯಾದದ್ದು ಈ ಕೊನೆಯದೊಂದೇ.

ಇಷ್ಟೆಲ್ಲ ಮಕ್ಕಳ ನಡುವೆ ನನ್ನದೇ ಒಂದು ಮಗುವಿತ್ತು, ಸುಮಾ. ಎರಡನೆಯ ಇಯತ್ತೆಯಲ್ಲಿ ಓದುತ್ತಿದ್ದಳು. ಶಾಲೆಯಿಂದ ಬರುವ ಹೊತ್ತಿಗೆ ನನ್ನ ತೊಡೆ, ಸೊಂಟ, ಸೆರಗು ಎಲ್ಲವೂ ಬೇರೆಯವರ ಮಕ್ಕಳ ಸ್ವಾಧೀನದಲ್ಲಿರುತ್ತಿದ್ದವು. ಆ ವರ್ಷ ಪರೀಕ್ಷೆ ಹತ್ತಿರವಾದಾಗ ಒಂದು ಸಂಜೆ, ನಾನು ಯಾರದೋ ಮೂಗು ಒರೆಸುತ್ತಿದ್ದೆ. ಅವಳು ಕಂಬಕ್ಕೆ ಆತು ನಿಂತು ಕೇಳಿದಳು: "ಎಲ್ಲಾ ಹುಡುಗ್ರಿಗೂ ನೀನು ದೊಡ್ಡವ್ವ ಅದಿ. ನನಗ ಅವ್ವ ಯಾವಾಗ ಆಗ್ತಿ?" ಚರ್ಚಾಸ್ಪರ್ಧೆಯಲ್ಲಿ ಇಂಥ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. "ಬೇಸಿಗಿ ರಜೆ ಪೂರಾ ನಿನಗ. ಒಂದು ಹುಡುಗನ್ನೂ ಒಳಗ ಬಿಡಂಗಿಲ್ಲ" ಎಂದು ಅವಳ ಕೈಮೇಲೆ ಕೈಯಿಟ್ಟು ಮಾತು ಕೊಟ್ಟೆ.

ಮಾತು ಉಳಿಸಿಕೊಳ್ಳುವುದು ಸುಲಭವೆಂದು ನೀವು ತಿಳಿಯಬಹುದು. ಮಕ್ಕಳಿಗೆ ರಜೆ ಬಂದಾಗಲೇ ಶಿಕ್ಷಕರಿಗೂ ರಜೆ. ಮಗುವನ್ನು ಬಿಟ್ಟುಹೋಗುವ ಕಾರಣವಾದರೂ ಏನಿರುತ್ತದೆ? ಇರುತ್ತದೆ. ಹಿಂದಿನ ಬೇಸಿಗೆಗಳಲ್ಲಿ ನಾನು ನೋಡಿದ್ದೆ. "ಬರೇ ಒಂದು ತಾಸು ಅಕ್ಕಾರ, ಹಪ್ಪಳ ಲಟ್ಟಿಸಿ ಬರ್ತೀನಿ" ಎಂದು ಬಿಟ್ಟುಹೋದ ಮಗು, ಹಪ್ಪಳ ಒಣಗಿ, ಡಬ್ಬಿ ಸೇರಿದ ಮೇಲೂ ನಮ್ಮಲ್ಲಿರುತ್ತಿತ್ತು. ಆದ್ದರಿಂದ ಪರೀಕ್ಷೆಗಳು ಮುಗಿದ ಭಾನುವಾರ ಎಲ್ಲ ಶಿಕ್ಷಕ ದಂಪತಿಗಳನ್ನೂ ಪಡಸಾಲೆಗೆ ಕರೆದು, ಮಜ್ಜಿಗೆ ಕೊಟ್ಟು, ಎದ್ದು ನಿಂತು ಮಾತಾಡಿದೆ. ವರ್ಷವಿಡೀ ಊರ ಮಕ್ಕಳನ್ನು ತಿದ್ದುವವರು ಎರಡು ತಿಂಗಳಾದರೂ ತಮ್ಮ ಮಗುವಿನ ಮುಖವನ್ನು ಓದಬೇಡವೇ ಎಂದೆ. ರಜೆಯ ಕಾಲದಲ್ಲಿ ಮಗು ತಂದೆತಾಯಿಗಳ ಜೊತೆಯಲ್ಲೇ ಇರತಕ್ಕದ್ದು ಎಂಬ ಗೊತ್ತುವಳಿಯನ್ನು ಮುಂದಿಟ್ಟೆ. ಶಿಕ್ಷಕರಾದ್ದರಿಂದ, ಭಾಷಣ ಮುಗಿದ ಕೂಡಲೇ ಎಲ್ಲರೂ ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿದರು. ಗೊತ್ತುವಳಿ ಸರ್ವಾನುಮತದಿಂದ ಅಂಗೀಕೃತವಾಯಿತು. ಹೆಚ್ಚಿನವರು ಮಕ್ಕಳನ್ನು ಕರೆದುಕೊಂಡು ತಮ್ಮ ತಮ್ಮ ಊರುಗಳಿಗೆ ಹೊರಟರು. ಹಡಗಲಿಯಲ್ಲೇ ಉಳಿದವರು ಎದುರು ಸಾಲಿನ ಕೊಟ್ರೇಶ ಮೇಷ್ಟ್ರು, ಅವರ ಹೆಂಡತಿ ಗಿರಿಜಾ ಟೀಚರ್, ಮತ್ತು ಮೂರು ತುಂಬದ ಅವರ ಮಗ ಗುಂಡ.

ಮರುದಿನದಿಂದ ನಾನು ಸುಮಾಳಿಗೆ ಅವ್ವ ಆದೆ. ಅರೆಬರೆಯಾಗಿ ಮಾಡುವ ಸ್ವಭಾವ ನನ್ನದಲ್ಲ. ಅವಳು ಮಾವಿನಹಣ್ಣಿಗೆ ಬಾಯಿ ಹಾಕುವಷ್ಟರಲ್ಲಿ, ಬೇಸಿಗೆಯಲ್ಲೂ ಮರಕ್ಕೆ ನೀರು ಎಲ್ಲಿಂದ ದೊರೆಯುತ್ತದೆಂದು ಕೇಳುತ್ತಿದ್ದೆ. ಚೌಕಾಬಾರ ಆಡುವಾಗ, ಸೋಲನ್ನು ಸಮಚಿತ್ತದಿಂದ ಸ್ವೀಕರಿಸುವ ಗುಣ ಬೆಳೆಯಲೆಂದು ಅವಳ ಕಾಯಿಗಳನ್ನೆಲ್ಲ ಕಡಿಯುತ್ತಿದ್ದೆ. ಐಸ್‌ಕ್ಯಾಂಡಿಯವನ ಗಂಟೆ ಕೇಳಿದರೆ, ಆ ನೀರಿನ ಶುದ್ಧತೆಯ ಬಗ್ಗೆ ಪರ ಮತ್ತು ವಿರೋಧ ಎರಡನ್ನೂ ವಿವರಿಸುತ್ತಿದ್ದೆ; ವಿವರಣೆ ಮುಗಿಯುವಷ್ಟರಲ್ಲಿ ಅವನು ಬಸ್‌ಸ್ಟ್ಯಾಂಡ್ ಮುಟ್ಟಿರುತ್ತಿದ್ದ. ಮಧ್ಯಾಹ್ನ ಎಂದೂ ಮಲಗದ ಹುಡುಗಿ, ನಾನು ಪಡಸಾಲೆಗೆ ಬರುವ ಸಪ್ಪಳ ಕೇಳಿದರೆ ಸಾಕು, ಚಾಪೆಯ ಮೇಲೆ ಉರುಳಿ ಕಣ್ಣು ಮುಚ್ಚತೊಡಗಿದಳು. ತಾಯಿ ಹತ್ತಿರವಿದ್ದರೆ ಮಕ್ಕಳಿಗೆ ಎಂಥ ನೆಮ್ಮದಿಯ ನಿದ್ರೆ ಬರುತ್ತದೆಂದು ಹಿಗ್ಗಿ, ಪಕ್ಕದಲ್ಲಿ ಕೂತು ಬೀಸಣಿಗೆ ಬೀಸಿದೆ.

ಎದುರು ಮನೆಯ ಸುದ್ದಿ ಅಷ್ಟು ನೆಮ್ಮದಿಯದಾಗಿರಲಿಲ್ಲ. ಒಂದು ಬೆಳಿಗ್ಗೆ ಕೊಟ್ರೇಶ ಮೇಷ್ಟ್ರು ಗುಂಡನನ್ನು ಹೆಗಲ ಮೇಲೆ ಹೊತ್ತು ಬಾಗಿಲಲ್ಲಿ ನಿಂತರು. "ಅಕ್ಕಾರ, ನಮ್ಮ ಗುಂಡ ನನ್ನ ಒಂದು ಮಾತೂ ಕೇಳವಲ್ಲ. ನೀವು ಹೆಂಗ ಕೇಳಿಸ್ತಿದ್ರಿ?"

"ನೀವು ಏನಂತ ಹೇಳ್ತೀರಿ?"

"ಸಾಲಾಗಿ ನಿಂದ್ರು ಅಂತೀನ್ರಿ."

"ಒಬ್ಬನೇ ಹುಡುಗ ಸಾಲಾಗಿ ಹೆಂಗ ನಿಂದ್ರತಾನ್ರಿ, ಮೇಷ್ಟ್ರ?"

"ಅದಕ್ಕ ನೋಡ್ರಿ! ಹಿಂದ ತಿರುಗಿ ನೋಡ್ತಾನ, ಯಾರೂ ಇಲ್ಲಂತ ಅಳ್ತಾನ."

ಗಿರಿಜಾ ಟೀಚರ್ ಅವರ ಕಷ್ಟ ಬೇರೆ ಬಗೆಯದು. ಕಪ್ಪುಹಲಗೆಯ ಕಡೆಗೆ ತಿರುಗಿ ಬರೆಯುವಾಗ ಬೆನ್ನ ಹಿಂದೆ ಎತ್ತಿದ ಬೆರಳುಗಳನ್ನು ಕಾಣದಿರುವುದು ಶಿಕ್ಷಕರ ಅಭ್ಯಾಸ. ಅವರು ಮಾಳಿಗೆಯ ಮೇಲೆ ಹಳೆಯ ಸೀರೆ ಹಾಸಿ ಸಂಡಿಗೆ ಇಡುತ್ತಿದ್ದಾಗ, ಗುಂಡ ಹಿಂದೆ ನಿಂತು ನನ್ನ ಸಂವಿಧಾನದಂತೆ ಕಿರುಬೆರಳನ್ನೆತ್ತಿದನಂತೆ. ಬಹಳ ಹೊತ್ತು ಎತ್ತಿಕೊಂಡೇ ಇದ್ದನಂತೆ. ಆ ಸೀರೆಯನ್ನು ಅಂದು ಮತ್ತೆ ಒಗೆದು, ಸಂಡಿಗೆಗೆ ಬೇರೆ ಹಿಟ್ಟು ಕಾಸಬೇಕಾಯಿತು.

"ಸಹನೆ ಬೇಕು, ಮೇಷ್ಟ್ರ" ಎಂದು ನಾನು ಗಂಭೀರವಾಗಿ ಹೇಳಿ ಬಾಗಿಲು ಮುಚ್ಚಲು ಹೊರಟೆ. ಹೆಗಲ ಮೇಲಿನಿಂದ ಗುಂಡ ನನ್ನನ್ನೇ ನೋಡುತ್ತ ಕಿರುಬೆರಳನ್ನೆತ್ತಿದ. ನಿಯಮವೆಂದರೆ ನಿಯಮ. ಕರೆದುಕೊಂಡು ಹಿತ್ತಲಿಗೆ ಹೋದೆ. ಅಲ್ಲಿ ಅವನು ಯಾವ ಕೆಲಸವನ್ನೂ ಮಾಡದೆ, ನನ್ನ ಸೆರಗಿನ ತುದಿ ಹಿಡಿದು ಸುಮ್ಮನೆ ನಿಂತ. ಕಿಟಕಿಯಲ್ಲಿ ಸುಮಾಳ ಮುಖ ಕಂಡಿತು. ಕೊಟ್ಟ ಮಾತು ನೆನಪಾಯಿತು. ಸೆರಗು ಬಿಡಿಸಿಕೊಂಡು ಅವನನ್ನು ಅಪ್ಪನ ಹೆಗಲಿಗೆ ಮರಳಿಸಿದೆ. ಅವಳು ಸಂತೋಷಪಡುವಳೆಂದುಕೊಂಡಿದ್ದೆ. ಅವಳು ಅಂದು ಊಟವನ್ನು ಅರ್ಧಕ್ಕೇ ಬಿಟ್ಟು, ಬಾಗಿಲಿಗೆ ಹೋಗಿ ಎದುರು ಮನೆಯನ್ನು ನೋಡುತ್ತ ನಿಂತಳು.

ಎರಡು ದಿನಗಳ ನಂತರ ನಾನು ಹಿತ್ತಲಲ್ಲಿ ಬಟ್ಟೆ ಹಿಂಡಿಹಾಕಿ ಒಳಗೆ ಬಂದರೆ ಸುಮಾ ಚಾಪೆಯ ಮೇಲಿಲ್ಲ. ಬಾಗಿಲಿಗೆ ಓಡಿದೆ. ಅವಳು ಗುಂಡನ ಕೈಹಿಡಿದು ರಸ್ತೆ ದಾಟಿ ಬರುತ್ತಿದ್ದಳು. ಹಿಂದೆ ಸಂಡಿಗೆ ಹಿಟ್ಟಿನ ಬೋಗುಣಿ ಹೊತ್ತ ಗಿರಿಜಾ ಟೀಚರ್. ಅವರ ಹಿಂದೆ ಮಂಡಕ್ಕಿಯ ಚೀಲ ಹಿಡಿದ ಮೇಷ್ಟ್ರು. ದೊಡ್ಡವರೂ ಚಿಕ್ಕವರೂ ಸೇರಿ, ಕೊನೆಗೂ ಒಂದು ಸಾಲಾಗಿತ್ತು.

"ಇದೇನ್ರಿ, ಮೇಷ್ಟ್ರ? ಭಾನುವಾರ ಆಡಿದ ಮಾತು ಮರತ್ರೇನು?"

"ಎಲ್ಲಿ ಮರತೀವ್ರಿ? ರಜೆದಾಗ ಹುಡುಗ ತಂದಿ-ತಾಯಿ ಜೊತಿ ಇರಬೇಕು ಅಂದ್ರಿ. ಅದಾನ ನೋಡ್ರಿ, ಇಬ್ಬರ ಜೊತಿನೂ ಅದಾನ. ಯಾರ ಮನ್ಯಾಗ ಇರಬೇಕು ಅಂತ ನೀವು ಹೇಳಲಿಲ್ಲ."

ಗಿರಿಜಾ ಟೀಚರ್ ಆಗಲೇ ಮಾಳಿಗೆಯ ಮೆಟ್ಟಿಲಿನ ಬುಡದಲ್ಲಿದ್ದರು. "ನಿಮ್ಮ ಮಾಳಿಗಿ ಮ್ಯಾಲೆ ಬಿಸಿಲು ಛಲೋ ಐತ್ರಿ, ಅಕ್ಕಾರ."

ಗೊತ್ತುವಳಿಯಲ್ಲಿ ಸ್ಥಳವನ್ನು ಸೂಚಿಸದಿರುವುದು ಮೊದಲ ವರ್ಷದ ವಿದ್ಯಾರ್ಥಿಯೂ ಮಾಡದ ತಪ್ಪು. ಆದರೆ ನನ್ನ ಚಿಂತೆ ಅದಲ್ಲ. ಸುಮಾಳನ್ನು ಪಕ್ಕಕ್ಕೆ ಕರೆದು, "ಈ ರಜೆ ಪೂರಾ ನಿನಗ ಅಂತ ಮಾತು ಕೊಟ್ಟೀನಲ್ಲವ್ವ" ಎಂದೆ.

"ಹೌದಲ್ಲ, ನನ್ನ ರಜೆ ಐತಿ. ಅದಕ್ಕ ನಾನು ಕರದೀನಿ." ಸ್ವಲ್ಪ ಹೊತ್ತು ಕಾಲ್ಬೆರಳಿನಿಂದ ನೆಲ ಕೆರೆದು, ನನಗೆ ನೋವಾಗದಂತೆ ಮೆಲ್ಲಗೆ ಹೇಳಿದಳು: "ಅವ್ವ, ನೀನು ಪೂರಾ ನನ್ನೊಬ್ಬಾಕಿಗೆ ಭಾಳ ಆಗ್ತಿ. ನಡುವ ಇನ್ನೊಂದಿಬ್ಬರು ಇರಲಿ."

"ಹಂಗಾದ್ರ ನಿನಗ?"

"ಸಂಜಿಮುಂದ ಜಡಿ ಹಾಕ್ತಿಯಲ್ಲ, ಅಷ್ಟು ಹೊತ್ತು ನನಗ. ಆವಾಗ ಗುಂಡ ಬರಂಗಿಲ್ಲ, ಯಾರೂ ಬರಂಗಿಲ್ಲ." ಸ್ವಲ್ಪ ಯೋಚಿಸಿ ಸೇರಿಸಿದಳು: "ನೀನು ಮಾತಾಡಂಗಿಲ್ಲ."

ಆ ಬೇಸಿಗೆ ಹಾಗೆಯೇ ಕಳೆಯಿತು. ಹಗಲೆಲ್ಲ ಮಾಳಿಗೆಯ ಮೇಲೆ ಸಂಡಿಗೆ, ಪಡಸಾಲೆಯಲ್ಲಿ ಒಗ್ಗರಣೆ ಮಂಡಕ್ಕಿ. ನನ್ನ ಎರಡೂ ಲೋಟಗಳಲ್ಲಿ ಮೇಷ್ಟ್ರು, ಟೀಚರ್ ಮಜ್ಜಿಗೆ ಕುಡಿಯುತ್ತಿದ್ದರು. ಚೌಕಾಬಾರದಲ್ಲಿ ಸುಮಾ ಮೇಷ್ಟ್ರನ್ನು ಸೋಲಿಸಿದಾಗ ಅವರು ಸೋಲನ್ನು ಸಮಚಿತ್ತದಿಂದ ಸ್ವೀಕರಿಸಲಿಲ್ಲ. ಅದರಿಂದ ಅವಳಿಗೆ ಆದ ಸಂತೋಷ ನನ್ನ ಯಾವ ಪಾಠದಿಂದಲೂ ಆಗಿರಲಿಲ್ಲ. ಸಂಜೆ ಎಲ್ಲರೂ ಹೋದ ಮೇಲೆ ಅವಳು ಕಟ್ಟೆಯ ಮೇಲೆ ನನ್ನ ಮುಂದೆ ಬೆನ್ನುಮಾಡಿ ಕೂರುತ್ತಿದ್ದಳು.

ಮೊದಲ ಸಂಜೆಯೇ, ಮಲ್ಲಿಗೆಯ ಮಾಲೆಯನ್ನು ಜಡೆಗೆ ಮುಡಿಸುತ್ತಿದ್ದಾಗ, ತಾಯಿಮಕ್ಕಳ ನಡುವಿನ ಮೌನ ಎಷ್ಟು ಅರ್ಥಪೂರ್ಣವಾದದ್ದೆಂದು ನನಗೆ ಮನದಟ್ಟಾಯಿತು. ಇದನ್ನು ಅವಳಿಗೆ ತಿಳಿಸದಿರುವುದು ಅನ್ಯಾಯವೆನಿಸಿತು. "ನೋಡವ್ವ ಸುಮಾ, ಮೌನ ಅಂದ್ರ..." ಎಂದು ಆರಂಭಿಸಿದೆ.

ಸುಮಾ ತಿರುಗಲಿಲ್ಲ. ಅವಳ ಕೈ ಹೆಗಲಿನ ಮೇಲೆ ಬಂದು, ಕಿರುಬೆರಳು ನೆಟ್ಟಗೆ ಎದ್ದು ನಿಂತಿತು.

ನಿಯಮ ನನ್ನದೇ. ಮಾತು ನಿಲ್ಲಿಸಿದೆ.