ಟಪಾಲು ಸೈಕಲ್ಲಿನ ಮೇಲೆ ಅನಧಿಕೃತ ಆರಾಮ

ಸಂಖ್ಯೆ: ಸೈ.ಸೀ./ಮೆತ್ತನೆ/೧೪/ಭಾಗ-೨ (ಭಾಗ-೧ ಸಿಕ್ಕಿಲ್ಲ)

ಸುತ್ತೋಲೆ

ವಿಷಯ: ಇಲಾಖೆಯ ರೋಡ್ ಬೈಕುಗಳ ಸೀಟಿನಲ್ಲಿ ಕೂರಲಾಗುತ್ತಿಲ್ಲವೆಂಬ ಟಪಾಲು ಸಹಾಯಕರ ದೂರಿನ ಬಗ್ಗೆ.

ಉಲ್ಲೇಖ: (೧) ಟಪಾಲು ಸಹಾಯಕರ ಮನವಿ (ನಿಂತು ಬರೆದದ್ದು).
(೨) ಸೀಟು ಆಯ್ಕೆ ಸಮಿತಿಯ ನಡವಳಿ (ಕುಳಿತು ಬರೆದದ್ದು).

ಟಪಾಲು ಬೇಗ ತಲುಪಲೆಂದು ಇಲಾಖೆಯು ತೆಳು ಚಕ್ರದ, ಬಾಗಿದ ಹ್ಯಾಂಡಲಿನ ರೋಡ್ ಬೈಕುಗಳನ್ನು (ಓಟದ ಸೈಕಲ್ಲುಗಳನ್ನು) ಖರೀದಿಸಿರುತ್ತದೆ. ಅವುಗಳ ಮೂಲ ಸೀಟು ಬಡಕಲಾಗಿ ಕಂಡಿದ್ದರಿಂದ, ಇಲಾಖೆಯ ಘನತೆಗೆ ತಕ್ಕ ಅಗಲವಾದ ಮೆತ್ತನೆಯ ಸೀಟನ್ನು ಸಮಿತಿಯು ಆರಿಸಿತು. ಸದರಿ ಸೀಟನ್ನು ಮೇಜಿನ ಮೇಲಿಟ್ಟು, ಸದಸ್ಯರೆಲ್ಲರೂ ಸರದಿಯಂತೆ ಹೆಬ್ಬೆರಳಿನಿಂದ ಒತ್ತಿ, "ಆಹಾ, ಬೆಣ್ಣೆ ಇದ್ದಂಗಿದೆ" ಎಂಬ ಒಮ್ಮತಕ್ಕೆ ಬಂದರು. ಯಾವ ಹೆಬ್ಬೆರಳಿನಿಂದಲೂ ಈವರೆಗೆ ದೂರು ಬಂದಿರುವುದಿಲ್ಲ.

ಆದಾಗ್ಯೂ, ದಿನವಿಡೀ ಶಾಖೆಯಿಂದ ಶಾಖೆಗೆ ಸವಾರಿ ಮಾಡುವ ಟಪಾಲು ಸಹಾಯಕರು, ಮೆತ್ತನೆಯದರಲ್ಲಿ ಹೂತುಹೋಗಿ ತೊಡೆ ಉಜ್ಜಿ ಗಾಯವಾಗುತ್ತಿದೆ ಎಂದು ನೆಪ ಹೇಳಿ, ಗಟ್ಟಿಯಾದ, ಕಿರಿದಾದ ಸೀಟೊಂದನ್ನು ತಾವೇ ಹುಡುಕಿ ತಂದು ಜೋಡಿಸಿಕೊಂಡು, ಕೆಲವು ವಾರ ನಗುನಗುತ್ತಾ ಕೆಲಸ ಮಾಡಿರುವುದು ಗಮನಕ್ಕೆ ಬಂದಿದೆ. ಆದ್ದರಿಂದ ಸದರಿ ಸೀಟನ್ನು ಜಪ್ತಿ ಮಾಡಲಾಗಿದ್ದು, ಈ ಮೂಲಕ ಸರ್ವರಿಗೂ ಕೂತಲ್ಲೇ ಸೂಚಿಸುವುದೇನೆಂದರೆ:

೧. ಇಲಾಖೆಯ ಸೀಟು ಮೆತ್ತಗಿದೆ. ಇದು ಈಗಾಗಲೇ ತೀರ್ಮಾನವಾಗಿರುವುದರಿಂದ ಯಾರೂ ಅದರ ಮೇಲೆ ಕುಳಿತು ಮರುಪರಿಶೀಲಿಸತಕ್ಕದ್ದಲ್ಲ.

೨. ಸಹಾಯಕರು ಟಪಾಲು ವಿಭಾಗದ ರಟ್ಟಿನ ಪೆಟ್ಟಿಗೆಯ ಮುಚ್ಚಳದ ಮೇಲೆ ಕುಳಿತೆದ್ದು, ಪೃಷ್ಠದ ಮೂಳೆಗಳೆರಡು ಊರಿದ ಗುಂಡಿಗಳ ನಡುವಿನ ಅಂತರವನ್ನು ಅಳೆದು, ಆ ಅಳತೆಗೆ ಸೀಟು ಕೊಂಡರೆಂದು ತಿಳಿದುಬಂದಿದೆ. ಸದರಿ ಗುಂಡಿಗಳನ್ನು ಇಲಾಖಾ ಸ್ವತ್ತಿಗೆ ಆದ ಹಾನಿಯೆಂದು ದಾಖಲಿಸಲಾಗಿದೆ. ಇನ್ನು ಮುಂದೆ ಮಾನ್ಯ ನಿರ್ದೇಶಕರ ಕುರ್ಚಿಯ ಅಗಲವನ್ನೇ ಸರ್ವರ ಅಳತೆಯೆಂದು ಭಾವಿಸತಕ್ಕದ್ದು.

೩. ಸೀಟಿನ ಮೂತಿಯನ್ನು ಕೂದಲೆಳೆಯಷ್ಟು ತಗ್ಗಿಸಿದರೂ ಸಾಕೆಂಬ ಸಹಾಯಕರ ಸಲಹೆಯನ್ನು ತಿರಸ್ಕರಿಸಲಾಗಿದೆ. ಇಲಾಖೆಯ ವಸ್ತುಗಳು ತಲೆ ತಗ್ಗಿಸತಕ್ಕದ್ದಲ್ಲ. ಆ ಕೆಲಸಕ್ಕೆ ಸಿಬ್ಬಂದಿ ಇದ್ದಾರೆ.

೪. ನೋವನ್ನು ಎಡ, ಬಲ ಎಂದು ವಿಂಗಡಿಸಿ ಲಿಖಿತವಾಗಿ ಸಲ್ಲಿಸಬಹುದು. ನಡುವಿನ ನೋವು ಈ ವಿಭಾಗದ ವ್ಯಾಪ್ತಿಗೆ ಬರುವುದಿಲ್ಲ.

೫. ಊಟದ ಕೋಣೆಯಲ್ಲಿ ಸಹಾಯಕರು ನಿಂತು ಉಣ್ಣುತ್ತಿದ್ದುದನ್ನು ಕಂಡು ಲೆಕ್ಕಶಾಖೆಯ ಅಕ್ಕನವರು "ಯಾಕಣ್ಣಾ, ಕೂತು ಉಂಡ್ರೆ ಸಂಬಳ ಹಿಡೀತಾರಾ?" ಎಂದು ಕೇಳಿದ್ದಾಗಿಯೂ, ಸಹಾಯಕರು "ಮನೇಲೂ ಇದೇ ಕತೆ ಅಕ್ಕಾ. ಆಫೀಸಲ್ಲಿ ಬೆಂಚಿನ ಮೇಲೆ ನಿಲ್ಸಿದ್ರಾ ಅಂತ ನಮ್ಮಾಕೆ ಆಡ್ಕೊಳ್ತಾಳೆ" ಎಂದದ್ದಾಗಿಯೂ, ಇಡೀ ಕೋಣೆ ನಕ್ಕಿದ್ದಾಗಿಯೂ ವರದಿಯಾಗಿದೆ. ಸದರಿ ನಗುವನ್ನು ನಕ್ಕವರೇ ಕೂಡಲೇ ಹಿಂಪಡೆಯತಕ್ಕದ್ದು.

೬. "ಸಾರ್, ನಿಮ್ಮ ಹೆಬ್ಬೆರಳು ನನ್ ಜೊತೆ ಒಂದ್ ಸುತ್ತು ಬರ್ಲಿ, ಆಮೇಲೆ ಮಾತಾಡಣ" ಎಂಬ ಸಹಾಯಕರ ಸವಾಲನ್ನು ಕೂಲಂಕಷವಾಗಿ ಪರಿಶೀಲಿಸಲಾಯಿತು. ಪ್ರಯಾಣ ಭತ್ಯೆ ನಿಯಮಗಳಲ್ಲಿ ಹೆಬ್ಬೆರಳೊಂದೇ ಪ್ರಯಾಣ ಮಾಡಲು ಅವಕಾಶವಿರುವುದಿಲ್ಲ.

೭. ಜಪ್ತಿಯಾದ ಸೀಟನ್ನು ತಾಂತ್ರಿಕ ಪರಿಶೀಲನೆಗಾಗಿ, ಮಾನ್ಯ ನಿರ್ದೇಶಕರು ಬಳಸುವ ಇಲಾಖಾ ಸೈಕಲ್ಲಿಗೆ ಜೋಡಿಸಲಾಗಿದೆ. ಪ್ರತಿದಿನ ಬೆಳಿಗ್ಗೆ ಅವರ ಮನೆಯಿಂದ ಕಚೇರಿಯವರೆಗೂ, ಸಂಜೆ ಕಚೇರಿಯಿಂದ ಮನೆಯವರೆಗೂ ಪರಿಶೀಲನೆ ನಡೆಯುತ್ತಿದ್ದು, ಈವರೆಗೆ ಯಾವ ದೋಷವೂ ಕಂಡುಬಂದಿಲ್ಲ. ದೋಷ ಕಂಡುಬರುವವರೆಗೂ ಪರಿಶೀಲನೆ ಮುಂದುವರಿಯುವುದು.

೮. "ಅದು ನಂದು ಸಾರ್, ಕೊಟ್ಬಿಡಿ" ಎಂದು ಸಹಾಯಕರು ನಿರ್ದೇಶಕರ ಕೊಠಡಿಯ ಮುಂದೆ ಪದೇಪದೇ ನಿಲ್ಲುತ್ತಿರುವುದು ವಿಷಾದನೀಯ. (ಅವರಿಗೆ ಕೂರಲು ಕುರ್ಚಿ ನೀಡಲಾಗಿತ್ತು. ನಿರಾಕರಿಸಿರುತ್ತಾರೆ.) ಸೈಕಲ್ಲುಗಳೂ ಅವುಗಳಿಗೆ ಅಂಟಿಕೊಂಡಿರುವ ಸಕಲವೂ ಇಲಾಖೆಯವು. ಯಾವ ಹುದ್ದೆಯವರೇ ಆಗಲಿ, ಯಾವುದನ್ನೂ "ನಂದು" ಎನ್ನತಕ್ಕದ್ದಲ್ಲ. ಟಪಾಲಿಗೆ ಹೊರಡುವವರು ಇದು ಬೇಕು, ಅದು ಬೇಡ ಎಂದು ಆರಿಸುತ್ತಾ ಕಾಲಹರಣ ಮಾಡದೆ, ಬಾಗಿಲಿಗೆ ಅತಿ ಹತ್ತಿರ ನಿಂತಿರುವ ಸೈಕಲ್ಲನ್ನೇ ಕಣ್ಣುಮುಚ್ಚಿ ಒಯ್ಯತಕ್ಕದ್ದು. ತಪ್ಪಿದಲ್ಲಿ ಶಿಸ್ತುಕ್ರಮ ಜರುಗಿಸಲಾಗುವುದು.

ಸಹಿ/-
ಅಧ್ಯಕ್ಷರು, ಸೀಟು ಆಯ್ಕೆ ಸಮಿತಿ
(ಬಲ ಹೆಬ್ಬೆರಳಿನ ಗುರುತು ಲಗತ್ತಿಸಿದೆ)

ಪ್ರತಿಗಳು:
೧. ಎಲ್ಲ ಶಾಖೆಗಳ ಮುಖ್ಯಸ್ಥರಿಗೆ, ಮೆತ್ತಗೆ ಜಾರಿಗೊಳಿಸಲು.
೨. ಲೆಕ್ಕಶಾಖೆಯ ಅಕ್ಕನವರಿಗೆ, ನಗದೆ ಓದಿಕೊಳ್ಳಲು.
೩. ಉಗ್ರಾಣಪಾಲಕರಿಗೆ, ಗುಂಡಿ ಬಿದ್ದ ಮುಚ್ಚಳವನ್ನು ಭದ್ರವಾಗಿಡಲು.
೪. ಕಾವಲುಗಾರರಿಗೆ, ಬಾಗಿಲ ಪಕ್ಕದ ಜಾಗವನ್ನು ಎಂದಿನಂತೆ ಮಾನ್ಯ ನಿರ್ದೇಶಕರ ಸೈಕಲ್ಲಿಗೇ ಕಾದಿರಿಸಲು.
೫. ಟಪಾಲು ಸಹಾಯಕರಿಗೆ, ಮೇಲ್ಕಂಡ ಎಲ್ಲ ಪ್ರತಿಗಳನ್ನೂ ಇಂದೇ ತಲುಪಿಸಲು.

ರವಾನೆ ವಿಭಾಗದ ಷರಾ: ಕಲಂ ೮ನ್ನು ಅಕ್ಷರಶಃ ಪಾಲಿಸಲಾಗಿದೆ. ಕಚೇರಿ ಮುಚ್ಚುವ ಹೊತ್ತಿಗೂ ಸಹಾಯಕರು ದೂರದ ಶಾಖೆಯಿಂದ ಹಿಂತಿರುಗಿರಲಿಲ್ಲ. ಹೊರಡುವಾಗ ಕುಳಿತೇ ಹೊರಟರೆಂದೂ, ಸಿಳ್ಳೆ ಹಾಕುತ್ತಿದ್ದರೆಂದೂ ಕಾವಲುಗಾರರು ತಿಳಿಸಿರುತ್ತಾರೆ. ಮಾನ್ಯ ನಿರ್ದೇಶಕರು ಹೊರಬಂದು, ಉಳಿದಿದ್ದ ಸೈಕಲ್ಲಿನ ಸೀಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಮನೆಗೆ ನಡೆದುಕೊಂಡು ಹೋದರು.