ಬಾಯಿ ಬಿಟ್ಟು ಕೇಳಬೇಕು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು, ಬಾಯಿಲ್ಲದ ಗಂಡನನ್ನು ಬಾಡಿಗೆ ಮನೆ ಹುಡುಕಲು ಕಳಿಸಿ ನೋಡು ಎಂದು ಮಾತ್ರ ಹೇಳಲಿಲ್ಲ. ಅವರಿಗೇನು, ಸ್ವಂತ ಮನೆಯಿತ್ತು. ಹೊಟ್ಟೆ ಉರಿಯುತ್ತಿರುವುದು ನನಗೆ. ಅದಕ್ಕೇ ನಾನೇ ಹೇಳುತ್ತಿದ್ದೇನೆ.

ನಮ್ಮವರು ಔಷಧಿ ಗೋದಾಮಿನಲ್ಲಿ ಮೇಲ್ವಿಚಾರಕರು. ಅಂಗಡಿಯವನನ್ನು ಅಳತೆ ಕೇಳಲು ನಾಚಿಕೊಂಡು, ತಮಗಾಗದ ಅಂಗಿ ತಂದು, ಹೊಟ್ಟೆಯನ್ನೇ ಅದಕ್ಕೆ ಹೊಂದಿಸಿಕೊಂಡು ಉಸಿರು ಬಿಗಿಹಿಡಿದು ಓಡಾಡುವ ಆಸಾಮಿ. ಈಗಿರುವ ಮನೆ ನೋಡಲು ಹೋಗಬೇಕಾದ ದಿನ ನನಗೆ ಜ್ವರ ಬಂದು, ಇವರೊಬ್ಬರೇ ಹೋದರು. ಬಂದು, ಮನೆ ಚೆನ್ನಾಗಿದೆ, ಗೋಡೆಯೆಲ್ಲ ಬಿಳಿ ಎಂದರು. (ಆಸ್ಪತ್ರೆಯ ಗೋಡೆಯೂ ಬಿಳಿಯೇ. ಅಲ್ಲಿ ಯಾರಾದರೂ ಸಂಸಾರ ಹೂಡುತ್ತಾರೆಯೇ?)

ಸಾಮಾನು ಇಳಿಸಿದ ಮೇಲೆ ಒಂದೊಂದೇ ಸತ್ಯದ ಸಾಕ್ಷಾತ್ಕಾರವಾಯಿತು. ಮಲಗುವ ಕೋಣೆಯ ಗೋಡೆಯ ಆಚೆಗೇ ಲಿಫ್ಟಿನ ಮೋಟರು. ಯಾರು ಮೇಲೆ ಹತ್ತಿದರೂ ನಮ್ಮ ಮಂಚಕ್ಕೆ ನಡುಕ. ಅಡುಗೆಮನೆಯ ನಲ್ಲಿಯಲ್ಲಿ ನೀರು ಬರುವುದು ನಾನು ಕೆಲಸಕ್ಕೆ ಹೋದ ಮೇಲೆ. ಮೇಲಿನ ಮನೆಯವರು ಸಂಜೆಯಾದರೆ ಮೇಜು ಕುರ್ಚಿ ಎಳೆದಾಡುತ್ತಾರೆ. ಯಾವುದನ್ನು ಎಲ್ಲಿಟ್ಟರೆ ಚೆಂದ ಎಂಬುದು ಅವರಲ್ಲಿ ಇಂದಿಗೂ ಇತ್ಯರ್ಥವಾಗಿಲ್ಲ. ಬಾಡಿಗೆ ಮನೆಯಲ್ಲಿ ನಾನು ಬಾಡಿಯೇ ಹೋದೆ.

"ಒಂದು ಮಾತು ಕೇಳ್ಬಾರದಿತ್ತೇನ್ರೀ?" ಎಂದರೆ, "ಅವರಾಗಿ ಹೇಳಲಿಲ್ಲ ಕಣೇ" ಎಂದರು. ಲಿಫ್ಟಿನ ಮೋಟರು ತಾನೇ ಬಂದು ನಮಸ್ಕಾರ ಮಾಡಿ ಪರಿಚಯ ಹೇಳಿಕೊಳ್ಳಬೇಕಿತ್ತೇನೋ.

ಇಂಥ ಮನೆಯಿಂದಲೂ ಈಗ ನಮ್ಮನ್ನು ಎಬ್ಬಿಸುತ್ತಿದ್ದಾರೆ. ಮಾಲೀಕರ ಮಗ ಬರುತ್ತಾನಂತೆ, ತಿಂಗಳ ಕೊನೆಯೊಳಗೆ ಖಾಲಿ ಮಾಡಬೇಕಂತೆ. ಎರಡು ಮನೆ ನೋಡುವಷ್ಟರಲ್ಲಿ ಬೇರೆಯವರ ಪಾಲಾದವು. ಕೈಗೆಟುಕುವಂತಿದ್ದ ಮೂರನೆಯದನ್ನು ನೋಡಲು ಹೊರಡುವಾಗ ನಾನು ಇವರಿಗೆ ಸ್ಪಷ್ಟವಾಗಿ ಹೇಳಿದೆ: ಈ ಸಲ ಪ್ರಶ್ನೆ ನನ್ನದು, ನೀವು ತಲೆಯಾಡಿಸಿದರೆ ಸಾಕು. (ಅದರಲ್ಲಿ ಅವರು ಪಳಗಿದವರು.)

ಮನೆಯ ಒಡತಿ ಬೆಳ್ಳಿ ಕೂದಲಿನ, ಮೆಲುಮಾತಿನ ಹೆಂಗಸು. ಮನೆಗೆ ಒಳ್ಳೆಯ ಬೆಳಕಿತ್ತು, ಅಡುಗೆಮನೆ ವಿಶಾಲವಾಗಿತ್ತು, ಬಾಲ್ಕನಿಯ ಎದುರಿಗೊಂದು ಮರವೂ ಇತ್ತು. ನನಗೆ ಒಳಗೊಳಗೇ ಬಾಯಲ್ಲಿ ನೀರೂರಿತು. ಆದರೆ ತೋರಿಸಿಕೊಳ್ಳಲಿಲ್ಲ. ನಲ್ಲಿಯಲ್ಲಿ ನೀರು ಎಷ್ಟು ಹೊತ್ತು ಬರುತ್ತದೆ, ಸೀಲಿಂಗು ಸೋರುತ್ತದೆಯೇ, ರಿಪೇರಿ ಬಂದರೆ ಯಾರು ಮಾಡಿಸಬೇಕು, ಹಿಂದಿನವರು ಯಾಕೆ ಬಿಟ್ಟರು ಎಂದು ಒಂದರ ಮೇಲೊಂದು ಕೇಳಿದೆ. ಆಕೆ ಎಲ್ಲಕ್ಕೂ ಸಮಾಧಾನದಿಂದ ಉತ್ತರಿಸಿದರು. ಗೋಡೆಗೆ ಕಿವಿಯಿಟ್ಟು ಆಲಿಸಿದೆ; ಗೋಡೆ ನಿಶ್ಶಬ್ದವಾಗಿತ್ತು. ಕೊನೆಗೆ ನೆರೆಹೊರೆಯ ವಿಚಾರಣೆಗೆ ಇಳಿದೆ. ಮೇಲೆ ಯಾರೂ ಇಲ್ಲವಂತೆ. ಕೆಳಗಿರುವವಳು ರಾತ್ರಿ ಪಾಳಿಯ ನರ್ಸು, ಹಗಲೆಲ್ಲ ಮಲಗಿರುತ್ತಾಳಂತೆ.

ಅವಳಿಂದ ಗಲಾಟೆ ಇಲ್ಲ ತಾನೇ, ಹಾಡು ಜೋರಾಗಿ ಹಾಕುತ್ತಾಳೆಯೇ, ಜಗಳದ ಸ್ವಭಾವವೇ ಎಂದು ಕೇಳುತ್ತಿದ್ದೆ. ಆಗ ನಮ್ಮವರು ನನ್ನ ಸೆರಗು ಜಗ್ಗಿ, "ಮೆಲ್ಲಗೆ ಕಣೇ, ಸಾಕು" ಎಂದರು.

ಸಾಕಂತೆ! ಇಷ್ಟು ದಿನ ನುಂಗಿಕೊಂಡಿದ್ದೆಲ್ಲ ಒಮ್ಮೆಗೇ ಮೇಲೆ ಬಂತು. ಮಂಚ, ಮೋಟರು, ನೀರಿಲ್ಲದ ನಲ್ಲಿ, ಕುರ್ಚಿ ಎಳೆಯುವವರು, ಬಿಳಿ ಗೋಡೆ, ಯಾವುದನ್ನೂ ಬಿಡದೆ ಇವರ ಜನ್ಮ ಜಾಲಾಡಿದೆ. ನನ್ನ ಕೆಲಸ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಯಾವ ಕಡೆಗೆ ಎಂದು ಕೂಗುವುದು. ಕರೆಂಟು ಹೋಗಿ ಮೈಕು ನಿಂತರೂ ನನ್ನ ಕೂಗು ನಿಲ್ಲುವುದಿಲ್ಲ. ಸಾಮಾನಿಲ್ಲದ ಖಾಲಿ ಮನೆ ಬೇರೆ. ನಾನು ಒಂದು ಬೈದರೆ ಕೋಣೆಗಳೆಲ್ಲ ಸೇರಿ ನಾಲ್ಕು ಬೈಯುತ್ತಿದ್ದವು. ನಿಜ ಹೇಳಲೇ, ಮನಸ್ಸಿಗೆ ಹಿತವಾಗಿತ್ತು.

ಕರೆಗಂಟೆ ಸದ್ದು ಮಾಡಿತು. ಕೆದರಿದ ಕೂದಲು, ಕೆಂಡದಂಥ ಕಣ್ಣಿನ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತಿದ್ದಳು. ಕೆಳಗಿನ ಮನೆಯ ನರ್ಸು. ಅವಳು ನನ್ನತ್ತ ನೋಡಲೇ ಇಲ್ಲ.

"ಅಮ್ಮ, ಇವರು ಮನೆ ನೋಡೋಕೆ ಬಂದಿದ್ದಾರೋ, ಇರೋಕೆ ಬಂದಿದ್ದಾರೋ? ಅಷ್ಟು ಹೇಳ್ಬಿಡಿ, ನಾನೂ ಬೇರೆ ಮನೆ ನೋಡ್ಕೋತೀನಿ."

ಒಡತಿ ಅವಳನ್ನು ಸಮಾಧಾನ ಮಾಡಿ ಕಳಿಸಿ, ನನ್ನ ಕಡೆ ತಿರುಗಿದರು. ದನಿ ಆಗಲೂ ಏರಲಿಲ್ಲ. (ನನಗೆ ಮೈಯೆಲ್ಲ ಉರಿದದ್ದು ಅದಕ್ಕೇ.)

"ತಪ್ಪು ತಿಳ್ಕೋಬೇಡಮ್ಮ. ಮನೆ ಹೇಗಿದೆ ಅಂತ ನೀನು ಕೇಳಿದೆ, ನಾನು ಹೇಳ್ದೆ. ಬರೋರು ಹೇಗಿದ್ದಾರೆ ಅಂತ ನಾನು ಕೇಳೋದೇ ಬೇಡವಾಯ್ತು."

ಆಮೇಲೆ ನಮ್ಮವರನ್ನು ಅಡಿಯಿಂದ ಮುಡಿಯವರೆಗೆ ಪ್ರೀತಿಯಿಂದ ನೋಡಿ, "ನೀವೊಬ್ರೇ ಇರೋದಾದ್ರೆ ಹೇಳಿ, ಬೀಗದ ಕೈ ಈಗ್ಲೇ ಕೊಡ್ತೀನಿ" ಎಂದರು.

ನಾನು ಸೊಂಟಕ್ಕೆ ಕೈಯಿಟ್ಟು ಕಾದೆ. ಕೈಹಿಡಿದ ಗಂಡ ಇಂಥ ಹೊತ್ತಿನಲ್ಲಿ ಏನು ಹೇಳಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಇವರು ಬಾಲ್ಕನಿಯ ಕಡೆ ನೋಡಿದರು. ಮರದ ಕಡೆ ನೋಡಿದರು. ನಿಶ್ಶಬ್ದವಾದ ಗೋಡೆಯನ್ನು ಒಮ್ಮೆ ಸವರಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, ಬಾಯಿ ಬಿಟ್ಟು ಕೇಳಿದರು:

"ಒಬ್ನೇ ಅಂದ್ರೆ ಬಾಡಿಗೆ ಸ್ವಲ್ಪ ಕಮ್ಮಿ ಮಾಡ್ತೀರಾ?"