ಆರು ಜಾಡಿ ಹಿಮ

ಡಿಸೆಂಬರ್ ನಡುವಿನಲ್ಲಿ, ಹೋಲ್ಮ್‌ವಿಕ್‌ನಂಥ ಊರಿನಲ್ಲಿ, ಒಬ್ಬ ಮನುಷ್ಯ ಹಿಮ ಸಿಗದೆ ಅಂಗಡಿ ಅಂಗಡಿ ಅಲೆದನೆಂದರೆ ಕೇಳಿದವರು ನಗುತ್ತಾರೆ. ಮಿನೆಸೋಟದ ಉತ್ತರ ತುದಿಯ ಆ ಊರಿನಲ್ಲಿ ಆ ಹೊತ್ತಿಗೆ ಬಾಗಿಲು ತೆರೆದರೆ ಸೊಂಟದವರೆಗೆ ಹಿಮ. ಆರ್ವಿಡ್ ಆ ಶುಕ್ರವಾರ ಬೆಳಗ್ಗೆ ಎದ್ದು ಸಲಿಕೆ ಹಿಡಿದು ಒಂದು ಗಂಟೆ ಅದನ್ನೇ ಎತ್ತಿ ಹಾಕಿ, ಬೆನ್ನು ಹಿಡಿದುಕೊಂಡು, ಆಮೇಲೆ ಹಿಮ ಕೊಳ್ಳಲು ಹೊರಟ. ಅವನಿಗೆ ಬೇಕಾಗಿದ್ದದ್ದು ಕರಗದ ಹಿಮ.

ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿ ಹೋದ ಬೇಸಿಗೆಯಲ್ಲಿ ನಿವೃತ್ತನಾದ ಆರ್ವಿಡ್‌ಗೆ ಜೀವಮಾನದಲ್ಲಿ ಒಂದು ಬಹುಮಾನವೂ ಬಂದಿರಲಿಲ್ಲ. ಹೆಂಡತಿ ಸಿಗ್ರಿಡ್‌ಳ ಮೊದಲ ಬಹುಮಾನದ ನೀಲಿ ರಿಬ್ಬನ್ನುಗಳಾದರೋ ಅಡುಗೆಮನೆಯ ಗೋಡೆಯ ಮೇಲೆ ಒಣಹಾಕಿದ ಬಟ್ಟೆಯ ಹಾಗೆ ಸಾಲಾಗಿ ತೂಗುತ್ತಿದ್ದವು. ಕಾಫಿ ಕುಡಿಯುವಾಗಲೆಲ್ಲ ಅವನ ಕಣ್ಣು ಅತ್ತಲೇ. ಈ ಸಲ ಚರ್ಚಿನ ಮಹಿಳಾ ಸಂಘದವರು ಕ್ರಿಸ್‌ಮಸ್‌ಗೆಂದು ಹೊಸ ಸ್ಪರ್ಧೆಯೊಂದನ್ನು ಸಾರಿದರು. ಗಾಜಿನ ಜಾಡಿಯೊಳಗೆ ಚಳಿಗಾಲದ ದೃಶ್ಯ. ಗಂಡಸರೂ ಸೇರಬಹುದು. ಅಂದಿನಿಂದ ಆರ್ವಿಡ್ ನೆಲದ ಮೇಲೆ ನಡೆದದ್ದೇ ಇಲ್ಲ.

ಆರು ವಾರ ಅವನು ನೆಲಮಾಳಿಗೆಯಲ್ಲಿ ಕುಳಿತು ಉಪ್ಪಿನಕಾಯಿಯ ಆರು ಜಾಡಿಗಳಲ್ಲಿ ಇಡೀ ಊರನ್ನು ಕಟ್ಟಿದ. ಒಂದರಲ್ಲಿ ಚರ್ಚು, ಒಂದರಲ್ಲಿ ಧಾನ್ಯದ ಗೋಪುರ, ಒಂದರಲ್ಲಿ ಕೊಟ್ಟಿಗೆ, ಒಂದರಲ್ಲಿ ಹೆಪ್ಪುಗಟ್ಟಿದ ಕೆರೆಯ ಮೇಲೆ ಮೀನು ಹಿಡಿಯುವವರ ಗುಡಿಸಲು, ಒಂದರಲ್ಲಿ ಜಾರಾಟದ ಮಕ್ಕಳು. ಬಾಟಲಿ ತೊಳೆಯುವ ಕುಂಚಗಳನ್ನು ಕತ್ತರಿಸಿ ಹಸಿರು ಬಳಿದು ಪೈನ್ ಮರ ಮಾಡಿದ. ಆರನೆಯದೇ ಅವನ ಪ್ರಾಣ. ಅದರಲ್ಲಿ ಹೆಬ್ಬೆರಳ ಗಾತ್ರದ ಹಳದಿ ಬಸ್ಸು ಹಿಮದಲ್ಲಿ ಹೂತುಕೊಂಡಿತ್ತು, ಹಿಂದಿನಿಂದ ಕಡ್ಡಿಯಷ್ಟು ದಪ್ಪದ ಆರ್ವಿಡ್ ಅದನ್ನು ನೂಕುತ್ತಿದ್ದ. ಎಲ್ಲ ಮುಗಿದಿತ್ತು, ಹಿಮ ಒಂದು ಬಾಕಿ. ಅಂದೇ ಸಂಜೆ ನಾಲ್ಕಕ್ಕೆ ಚರ್ಚಿನಲ್ಲಿ ತೀರ್ಪು.

ಎಲ್ಲರೂ ಹಿಮಕ್ಕೆ ಬಳಸುತ್ತಿದ್ದದ್ದು ಕಾಲುನೋವಿಗೆ ಬಿಸಿನೀರಿಗೆ ಹಾಕುವ ಹರಳುಪ್ಪು. ಊರಿನ ಹೆಂಗಸರಿಗೆಲ್ಲ ಒಂದೇ ವಾರದಲ್ಲಿ ಕಾಲುನೋವು ಬಂದಂತೆ ಅದು ಔಷಧದಂಗಡಿಯಲ್ಲಿ ಖಾಲಿಯಾಗಿತ್ತು. ಸಕ್ಕರೆ ಹಾಕಿ ನೋಡಿದ, ಮಿಠಾಯಿ ಅಂಗಡಿಯಾಯಿತು. ಮೈದಾ ಹಾಕಿ ನೋಡಿದ, ಗಾಜಿಗೆಲ್ಲ ಮೆತ್ತಿಕೊಂಡು ಚರ್ಚೇ ಕಾಣೆಯಾಯಿತು. ಕೊನೆಗೆ ಡೆಲ್ಮರ್‌ನ ದಿನಸಿ ಅಂಗಡಿಯಲ್ಲಿ, ತೀರ ಕೆಳಗಿನ ಹಲಗೆಯ ಮೂಲೆಯಲ್ಲಿ, ಆ ಡಬ್ಬಗಳು ಕಣ್ಣಿಗೆ ಬಿದ್ದವು. ಬಿಸಿನೀರು ಸುರಿದರೆ ಎರಡು ನಿಮಿಷದಲ್ಲಿ ಮುದ್ದೆಯಾಗುವ, ಚಕ್ಕೆ ಚಕ್ಕೆಯಾದ ಒಣ ಆಲೂಗಡ್ಡೆ. ಒಂದನ್ನು ಕಿವಿಯ ಬಳಿ ಅಲ್ಲಾಡಿಸಿದ. ಹೊಸ ಹಿಮದ ಮೇಲೆ ಕಾಲಿಟ್ಟ ಸದ್ದೇ ಬಂತು. ಇದ್ದ ಆರನ್ನೂ ಬಾಚಿ ಎದೆಗೆ ಒತ್ತಿಕೊಂಡ.

"ಆರು ಡಬ್ಬನಾ?" ಎಂಬ ದನಿ ಕೇಳಿಸಿತು.

ಎದುರುಮನೆಯ ಥೋರಾ. ಖಾಲಿ ಗಾಡಿ ಹಿಡಿದು ಅದೇ ಸಾಲಿನಲ್ಲಿ ಸೂಪಿನ ಡಬ್ಬವೊಂದರ ಹಣೆಬರಹ ಓದುತ್ತ ನಿಂತಿದ್ದಳು. ಆರ್ವಿಡ್‌ಗೆ ಉತ್ಸಾಹದಲ್ಲಿ ಬಾಯಿ ನಿಲ್ಲಲಿಲ್ಲ.

"ಮೆಲ್ಲಗೆ ಮಾತಾಡು ಥೋರಾ. ಇದು ನಮ್ಮನೆಗೆ ರಿಬ್ಬನ್ ತರೋ ಗುಟ್ಟು ಕಣೇ. ಯಾರಿಗೂ ಹೇಳ್ಬೇಡ."

ಥೋರಾಳ ಕೈಯಿಂದ ಸೂಪಿನ ಡಬ್ಬ ಗಾಡಿಗೆ ಧಡಕ್ಕನೆ ಬಿತ್ತು. ಆರ್ವಿಡ್ ಅದನ್ನು ಮೆಚ್ಚುಗೆಯೆಂದು ತಿಳಿದ. ಬಿಲ್ಲು ಹಾಕುತ್ತ ಡೆಲ್ಮರ್, "ಎಲ್ಲಾನೂ ನೀನೇ ತಗೊಂಡ್ಯಲ್ಲ ಮಾರಾಯ, ಮುಂದಿನ ಲಾರಿ ಮಂಗಳವಾರವೇ ಬರೋದು" ಎಂದ. "ಬರ್ಲಿ ಬಿಡು" ಎಂದು ಆರ್ವಿಡ್ ಶಿಳ್ಳೆ ಹಾಕುತ್ತ ಹೊರಟ.

ಆ ಶಿಳ್ಳೆಯ ಬೆಲೆ ಅವನಿಗೆ ಗೊತ್ತಿರಲಿಲ್ಲ. ಶನಿವಾರ ಬೆಳಗ್ಗೆ ಚರ್ಚಿನಲ್ಲಿ ಲೆಫ್ಸೆ ಮಾರಾಟ. ಆಲೂಗಡ್ಡೆ ಬೇಯಿಸಿ, ಹಿಸುಕಿ, ಹಿಟ್ಟಿನೊಡನೆ ನಾದಿ, ಹೋಳಿಗೆಗಿಂತ ತೆಳ್ಳಗೆ ಲಟ್ಟಿಸಿ ಹೆಂಚಿನ ಮೇಲೆ ಬೇಯಿಸುವ ಆ ರೊಟ್ಟಿಯನ್ನು ಅಜ್ಜಿಯರು ನಾರ್ವೆಯಿಂದ ಹಡಗಿನಲ್ಲಿ ಬರುವಾಗ ಜೊತೆಗೆ ತಂದ ಧರ್ಮವೆಂದೇ ಹೋಲ್ಮ್‌ವಿಕ್‌ನವರು ನಂಬಿದ್ದರು. ಮಾರಾಟದ ಮೇಜಿನ ಮೇಲೆ 'ಕೈಯಾರೆ ಸುಲಿದ ಆಲೂಗಡ್ಡೆಯಿಂದ' ಎಂಬ ಹಲಗೆಯೇ ಇತ್ತು. ಆ ಮೇಜಿನ ಯಜಮಾನಿಕೆ ಹತ್ತೊಂಬತ್ತು ವರ್ಷದಿಂದ ಸಿಗ್ರಿಡ್‌ಳದು. ಡಬ್ಬದ ಆಲೂಗಡ್ಡೆಯಿಂದ ಲೆಫ್ಸೆ ಮಾಡುವವರು ಆ ಊರಿನಲ್ಲಿ ಇದ್ದಾರೆಂದರೆ, ಚರ್ಚಿನ ಹುಂಡಿಗೆ ಕೈ ಹಾಕುವವರಿದ್ದಾರೆಂದ ಹಾಗೆ.

ಇದ್ಯಾವುದೂ ತಲೆಗೆ ಬಾರದೆ ಆರ್ವಿಡ್ ನೆಲಮಾಳಿಗೆಯಲ್ಲಿ ಜಾಡಿಗಳಿಗೆ ಹಿಮ ಸುರಿದ. ಒಂದೊಂದು ಜಾಡಿಗೆ ಒಂದೊಂದು ಡಬ್ಬ. ಹಿಮ ಚರ್ಚಿನ ಮೆಟ್ಟಿಲ ಮೇಲೆ ಕೂತಿತು, ಕೊಟ್ಟಿಗೆಯ ಮಾಡಿನ ಮೇಲೆ ಕೂತಿತು, ಬಸ್ಸಿನ ಚಕ್ರಗಳನ್ನು ನುಂಗಿತು. ಇಷ್ಟು ಚಂದದ್ದನ್ನು ತನ್ನ ಈ ಎರಡು ಒರಟು ಕೈಗಳು ಮಾಡಿದವೆಂದು ಅವನಿಗೇ ನಂಬಿಕೆ ಬರಲಿಲ್ಲ. ಯಾರೂ ಬಿಚ್ಚಿ ಗುಟ್ಟು ತಿಳಿಯಬಾರದೆಂದು ಮುಚ್ಚಳಗಳಿಗೆ ಗಟ್ಟಿ ಅಂಟು ಹಚ್ಚಿ ತಿರುಗಿಸಿದ.

ಹತ್ತೂವರೆಗೆ ಬಾಗಿಲ ಗಂಟೆ ಹೊಡೆಯಿತು. ಹೊರಗೆ ಯಾರೂ ಇಲ್ಲ, ಮೆಟ್ಟಿಲ ಮೇಲೆ ಬಟ್ಟೆ ಮುಚ್ಚಿದ ಗಾಜಿನ ಪಾತ್ರೆ, ಒಳಗೆ ಹಬೆಯಾಡುವ ಮೀನು ಮತ್ತು ನೂಡಲ್ಸು. ಹತ್ತು ನಿಮಿಷಕ್ಕೆ ಇನ್ನೊಂದು ಬಂತು. ಹನ್ನೊಂದಕ್ಕೆ ಮೂರನೆಯದು. ಹೋಲ್ಮ್‌ವಿಕ್‌ನಲ್ಲಿ ಬಿಸಿ ಪಾತ್ರೆ ತಾನಾಗಿ ಬಾಗಿಲಿಗೆ ಬಂದರೆ ಒಳಗೆ ಯಾರೋ ಸತ್ತಿದ್ದಾರೆಂದೇ ಅರ್ಥ. ಮನೆಯಲ್ಲಿದ್ದವನು ಆರ್ವಿಡ್ ಒಬ್ಬನೇ. ಕನ್ನಡಿ ನೋಡಿಕೊಂಡು ಬಂದ.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಮೇಜು ಜೋಡಿಸಲು ಚರ್ಚಿಗೆ ಹೋಗಿದ್ದ ಸಿಗ್ರಿಡ್.

"ಆರ್ವಿಡ್, ಡೆಲ್ಮರ್ ಅಂಗಡೀಲಿ ಏನ್ ತಗೊಂಡೆ?"

"ಹಿಮ."

"ನನ್ನನ್ನ ಲೆಫ್ಸೆ ಮೇಜಿನಿಂದ ತೆಗೆದಿದ್ದಾರೆ. ಅಲ್ಮಾ ಸಂಘದ ಏಪ್ರನ್ ವಾಪಸ್ ಕೇಳಿದ್ಲು. ಹತ್ತೊಂಬತ್ತು ವರ್ಷ ನಾನು ಈ ಊರಿಗೆ ಡಬ್ಬದ ಲೆಫ್ಸೆ ತಿನ್ನಿಸ್ದೆ ಅಂತೆ. ನಮ್ಮನೆ ಗುಟ್ಟು ಅಂತ ನೀನೇ ಬಾಯ್ಬಿಟ್ಟು ಹೇಳಿದ್ಯಂತೆ."

ಆರ್ವಿಡ್‌ಗೆ ಈಗ ಸೂಪಿನ ಡಬ್ಬ ಬಿದ್ದ ಸದ್ದು ಅರ್ಥವಾಯಿತು, ಬಿಸಿ ಪಾತ್ರೆಗಳು ಬಂದದ್ದು ಸತ್ತ ಮಾನಕ್ಕೆಂದೂ ಅರ್ಥವಾಯಿತು. "ನಾ ಬರ್ತೀನಿ" ಎಂದವನೇ ಆರು ಜಾಡಿಗಳನ್ನೂ ಕಂಬಳಿಯಲ್ಲಿ ಸುತ್ತಿ ಕಾರಿನಲ್ಲಿಟ್ಟುಕೊಂಡು ಹೊರಟ. ತಪ್ಪು ತಿಳಿವಳಿಕೆ ತಾನೆ, ಜಾಡಿ ನೋಡಿದರೆ ಎಲ್ಲರಿಗೂ ತಿಳಿಯುತ್ತದೆ, ಜೊತೆಗೆ ಜಾಡಿಯನ್ನೂ ಮೆಚ್ಚಿಕೊಳ್ಳುತ್ತಾರೆ ಎಂದು ದಾರಿಯುದ್ದಕ್ಕೂ ಹಿಗ್ಗುತ್ತಲೇ ಹೋದ.

ಚರ್ಚಿನ ಕೆಳಗಿನ ಹಜಾರದಲ್ಲಿ ಹೆಂಗಸರು ಸಾಲಾಗಿ ಕುಳಿತಿದ್ದರು. ನಡುವೆ ಸಂಘದ ಅಧ್ಯಕ್ಷೆ ಅಲ್ಮಾ, ಪಕ್ಕದಲ್ಲಿ ಥೋರಾ, ಕಾಫಿ ಬಗ್ಗಿಸುತ್ತ ಪಾದ್ರಿಯ ಹೆಂಡತಿ ಲಿನೆಟ್. ಮೂಲೆಯಲ್ಲಿ ಏಪ್ರನ್ ಇಲ್ಲದ ಸಿಗ್ರಿಡ್. ಯಾರೂ ದನಿ ಎತ್ತಿರಲಿಲ್ಲ. ಆ ಊರಿನವರು ಸಿಟ್ಟು ಬಂದಷ್ಟೂ ಮೆಲ್ಲಗೆ ಮಾತಾಡುತ್ತಾರೆ.

ಆರ್ವಿಡ್ ಜಾಡಿಗಳನ್ನು ಮೇಜಿನ ಮೇಲಿಟ್ಟು ಕಂಬಳಿ ಸರಿಸಿದ. "ನೋಡಿ. ಆಲೂಗಡ್ಡೆ ಇಲ್ಲಿದೆ. ಇದು ಹಿಮ. ಸಿಗ್ರಿಡ್‌ಗೆ ಇದರ ವಿಷಯವೇ ಗೊತ್ತಿಲ್ಲ."

ಅಲ್ಮಾ ಕನ್ನಡಕ ಸರಿಮಾಡಿಕೊಂಡು ಬಾಗಿ ನೋಡಿದಳು. "ಹ್ಞೂಂ. ಬೇರೆ ಥರ ಇದೆ" ಎಂದಳು. ಹೋಲ್ಮ್‌ವಿಕ್‌ನಲ್ಲಿ ಅದಕ್ಕಿಂತ ಕೆಟ್ಟ ಮಾತಿಲ್ಲ.

"ಆರು ಡಬ್ಬ ಇಷ್ಟಕ್ಕೇ ಬೇಕಾಯ್ತಾ?" ಎಂದಳು ಥೋರಾ. "ನಾಲ್ಕು ಬೆರಳಷ್ಟು ಕಾಣುತ್ತೆ ಅಷ್ಟೆ. ಮಿಕ್ಕದ್ದು ಎಲ್ಲಿ ಹೋಯ್ತು ಅಂತ ಯಾರಾದ್ರೂ ಕೇಳಬಹುದು. ನಾನು ಕೇಳ್ತಿಲ್ಲಪ್ಪ."

"ತೂಕ ಮಾಡಿದ್ರೆ ಗೊತ್ತಾಗುತ್ತೆ" ಎಂದಳು ಅಲ್ಮಾ.

ತೂಕ ಮಾಡಲು ಮುಚ್ಚಳ ತೆಗೆಯಬೇಕು. ಆರ್ವಿಡ್ ಮೂಲೆಯ ಕಡೆ ನೋಡಿದ. ನಲವತ್ತು ವರ್ಷ ಜೊತೆಗಿದ್ದವಳು ತಲೆ ತಗ್ಗಿಸಿ ಕುಳಿತದ್ದನ್ನು ಅವನು ಅದೇ ಮೊದಲ ಸಲ ನೋಡಿದ್ದು. "ಇಕ್ಕಳ ಕೊಡಿ" ಎಂದ.

ಬಿಸಿನೀರಿನ ಬಟ್ಟೆ ಸುತ್ತಿ, ಇಕ್ಕಳ ಹಿಡಿದು, ಹಲ್ಲು ಕಚ್ಚಿ ಒಂದೊಂದೇ ಮುಚ್ಚಳ ತಿರುಗಿಸಿದ. ಚರ್ಚಿನ ಹಿಮ ಸುರಿಯಿತು. ಗೋಪುರದ ಹಿಮ ಸುರಿಯಿತು. ಜಾರಾಟದ ಮಕ್ಕಳಲ್ಲಿ ಒಬ್ಬ ಹಿಮದ ಜೊತೆಗೇ ಬೋಗುಣಿಗೆ ಬಿದ್ದ. ಐದು ಜಾಡಿ ತೂಗುವ ಹೊತ್ತಿಗೆ ತಕ್ಕಡಿಯ ಮುಳ್ಳು ಐದು ಡಬ್ಬದ ಲೆಕ್ಕಕ್ಕೆ ಕೂದಲೆಳೆಯಷ್ಟೂ ತಪ್ಪಲಿಲ್ಲ. ಆರನೆಯದಕ್ಕೆ ಇಕ್ಕಳ ಹಚ್ಚಿದಾಗ ಅಲ್ಮಾ, "ಸಾಕು. ಬಸ್ಸನ್ನ ಬಿಡು" ಎಂದಳು. ಎದ್ದು ಹೋಗಿ ಸಿಗ್ರಿಡ್‌ಳ ಕುತ್ತಿಗೆಗೆ ತಾನೇ ಏಪ್ರನ್ ತೊಡಿಸಿದಳು. ಹೆಂಗಸರೆಲ್ಲ ಗಂಟಲು ಸರಿಮಾಡಿಕೊಂಡು ಹವೆಯ ವಿಷಯ ಮಾತಾಡತೊಡಗಿದರು. ಅದು ಅವರ ಕ್ಷಮಾಪಣೆ.

ಆರ್ವಿಡ್ ಬೋಗುಣಿ, ಜಾಡಿಗಳನ್ನೆಲ್ಲ ಎತ್ತಿಕೊಂಡು ಚರ್ಚಿನ ಅಡುಗೆಮನೆಗೆ ಓಡಿದ. ಗಂಟೆ ಎರಡೂವರೆ. ಮತ್ತೆ ತುಂಬಿಸಲು ಬೇಕಾದಷ್ಟು ಹೊತ್ತಿತ್ತು. ಚಮಚ ಹಿಡಿದು ಚರ್ಚಿನ ಮೆಟ್ಟಿಲಿಗೆ ಹಿಮ ಹಾಕಬೇಕೆನ್ನುವಾಗ ಹಿಂದೆ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಥೋರಾ ನಿಂತಿದ್ದಳು.

"ಆರ್ವಿಡ್, ಬೇಜಾರು ಮಾಡ್ಕೋಬೇಡ. ಈ ಚಳೀಲಿ ಹಕ್ಕಿಗಳ ಗತಿ ನೋಡಿದ್ರೆ ಅಯ್ಯೋ ಅನ್ಸುತ್ತೆ. ಒಂದಿಷ್ಟು ಕೊಟ್ರೆ ಹಿತ್ತಲಲ್ಲಿ ಚೆಲ್ತಿದ್ದೆ."

"ಹಕ್ಕಿ ಆಲೂಗಡ್ಡೆ ತಿನ್ನುತ್ವಾ?"

"ನಮ್ಮನೆ ಹಕ್ಕಿ ತಿನ್ನುತ್ವೆ" ಎಂದಳು ಥೋರಾ. ಅವಳ ಕೈಚೀಲ ಆಗಲೇ ಬಾಯಿ ತೆರೆದಿತ್ತು. ಆರ್ವಿಡ್‌ಗೆ ಇಲ್ಲವೆನ್ನಲು ಬರುತ್ತಿರಲಿಲ್ಲ, ಬಂದಿದ್ದರೆ ಮೂವತ್ತೊಂದು ವರ್ಷ ಬಸ್ಸು ಓಡಿಸುತ್ತಿರಲಿಲ್ಲ. ಒಂದು ಡಬ್ಬದಷ್ಟು ಹೋಯಿತು.

ಥೋರಾ ಹೋದ ಐದು ನಿಮಿಷಕ್ಕೆ ಲಿನೆಟ್ ಬಂದಳು. "ಭಾನುವಾರದ ಶಾಲೆ ಮಕ್ಕಳಿಗೆ ಅಂಟಿಸೋ ಆಟ ಕಲಿಸ್ತಿದೀನಿ. ನೀವು ತೋರಿಸಿದ್ದೇ ದಾರಿ ನೋಡಿ. ಎರಡು ಪಾಲು ಕೊಡ್ತೀರಾ? ಪಾದ್ರಿಗಳಿಗೆ ಹೇಳೋದೇನೂ ಬೇಡ." ಪಾದ್ರಿಯ ಹೆಂಡತಿಗೆ ಎದುರು ಹೇಳುವುದು ಹೇಗೆ? ಅವಳು ತನ್ನ ಕೋಟಿನ ಎರಡೂ ಜೇಬಿನಿಂದ ಮಡಚಿದ ಕಾಗದದ ಚೀಲ ತೆಗೆದದ್ದನ್ನು ನೋಡಿ ಆರ್ವಿಡ್‌ಗೆ ತಲೆಯೊಳಗೆ ಅನುಮಾನದ ಹುಳು ಹೊಕ್ಕಂತಾಯಿತು.

ಕೊನೆಗೆ ಅಲ್ಮಾ ಬಂದಳು. ಅವಳು ಕೇಳಲೂ ಇಲ್ಲ, ಬೋಗುಣಿಯನ್ನೇ ಎತ್ತಿಕೊಂಡಳು. "ಇದು ಸಾಕ್ಷಿ. ಸಂಘದ ವಶದಲ್ಲಿರಬೇಕು."

"ಯಾವ ಸಾಕ್ಷಿ ಅಲ್ಮಾ? ಎಲ್ಲ ಇತ್ಯರ್ಥ ಆಯ್ತಲ್ಲ."

"ಅದಕ್ಕೇ ಜೋಪಾನ ಮಾಡ್ಬೇಕು" ಎಂದು ಅವಳು ಬೋಗುಣಿಯನ್ನು ಶಾಲಿನೊಳಗೆ ಹುದುಗಿಸಿಕೊಂಡು ಹಿಂಬಾಗಿಲಿನಿಂದ ನೇರ ತನ್ನ ಕಾರಿಗೆ ನಡೆದಳು.

ಆರ್ವಿಡ್ ಕಿಟಕಿಯಲ್ಲಿ ನಿಂತು ಅದನ್ನು ನೋಡಿದ. ಆಗ ಅವನ ತಲೆಯಲ್ಲಿ ದೀಪ ಹತ್ತಿತು. ಥೋರಾ ಬೆಳಗ್ಗೆ ಆ ಸಾಲಿನಲ್ಲಿ ಖಾಲಿ ಗಾಡಿ ಹಿಡಿದು ಏಕೆ ನಿಂತಿದ್ದಳು? ಲಾರಿ ಮಂಗಳವಾರ. ಮಾರಾಟ ನಾಳೆ. ಊರಿನ ಅಷ್ಟೂ ಡಬ್ಬ ತನ್ನ ಜಾಡಿಯಲ್ಲಿ. ಇವರೆಲ್ಲರ ಲೆಫ್ಸೆಯನ್ನು ವರ್ಷಗಟ್ಟಲೆ ಕಣ್ಣುಮುಚ್ಚಿ ಹೊಗಳಿದ್ದನ್ನು ನೆನೆದು ಅವನಿಗೆ ಹೊಟ್ಟೆ ಹಿಡಿದುಕೊಂಡು ನಗಬೇಕೆನಿಸಿತು. ಐದು ಜಾಡಿಗಳಲ್ಲಿ ಬೋಳು ಗಾಜಿನ ಮೇಲೆ ಚರ್ಚು, ಕೊಟ್ಟಿಗೆಗಳೆಲ್ಲ ಜುಲೈ ತಿಂಗಳಲ್ಲಿ ನಿಂತಂತೆ ನಿಂತಿದ್ದವು. ಹೋಗಲಿ, ಬಸ್ಸು ಉಳಿದಿದೆ. ಬಸ್ಸೊಂದೇ ಸಾಕು. ಅದನ್ನು ಕೋಟಿನೊಳಗೆ ಸೇರಿಸಿ ಗುಂಡಿ ಹಾಕಿಕೊಂಡ.

"ನನ್ನನ್ನ ಮನೆಗೆ ಬಿಟ್ಟು ವಾಪಸ್ ಬಾ, ಹೊತ್ತಿದೆ. ಲೆಫ್ಸೆಗೆ ಕೂರಬೇಕು" ಎಂದಳು ಸಿಗ್ರಿಡ್.

ದಾರಿಯಲ್ಲಿ ಆರ್ವಿಡ್ ಎಲ್ಲವನ್ನೂ ಹೇಳಿದ. ಹೇಳುತ್ತ ಹೇಳುತ್ತ ಸ್ಟೀರಿಂಗು ತಟ್ಟಿ ನಕ್ಕ. "ಎಲ್ಲರದ್ದೂ ಡಬ್ಬದ್ದೇ, ಸಿಗ್ರಿಡ್. ಥೋರಾ, ಅಲ್ಮಾ, ಪಾದ್ರಿ ಹೆಂಡ್ತಿ ಕೂಡ. ಇಡೀ ಊರಲ್ಲಿ ಆಲೂಗಡ್ಡೆ ಸುಲಿಯೋಳು ನೀನೊಬ್ಬಳೇ ಕಣೇ." ಸಿಗ್ರಿಡ್ ಅವನ ತೋಳಿನ ಮೇಲೆ ಕೈಯಿಟ್ಟಳು. ಹಗಲು ಹೊತ್ತಿನಲ್ಲಿ, ಎಲ್ಲರಿಗೂ ಕಾಣುವ ಕಾರಿನಲ್ಲಿ, ಅವಳು ಹಾಗೆ ಮಾಡಿದ್ದು ಮದುವೆಯಾದ ಮೇಲೆ ಇದೇ ಮೊದಲು. "ನನಗೋಸ್ಕರ ಐದು ಜಾಡಿ ಬಿಚ್ಚಿದೆ ನೀನು" ಎಂದಳು. ಆರ್ವಿಡ್‌ಗೆ ರಿಬ್ಬನ್ ಬಂದಷ್ಟೇ ಆಯಿತು.

"ಒಳಗೆ ಬಂದು ಒಂದು ನಿಮಿಷ ಕೂತ್ಕೊ. ಜಾಡಿನೂ ತಾ, ಕಾರಲ್ಲಿ ತಣ್ಣಗಾಗುತ್ತೆ" ಎಂದು ಇಳಿದಳು.

ಅವನು ಜಾಡಿಯನ್ನು ಅಡುಗೆಮನೆಯ ಮೇಜಿನ ಮೇಲಿಟ್ಟ. ಸಿಗ್ರಿಡ್ ಎದುರುಮನೆಯ ಕಡೆಯ ಕಿಟಕಿಗೆ ಪರದೆ ಎಳೆದಳು. ಹಿತ್ತಲ ಬಾಗಿಲಿಗೆ ಚಿಲಕ ಹಾಕಿದಳು. ದೊಡ್ಡ ಬೋಗುಣಿ ತಂದು ಜಾಡಿಯ ಪಕ್ಕ ಇಟ್ಟು, ಮೇಲೆ ಇಕ್ಕಳವನ್ನೂ ಇಟ್ಟಳು.

ಆರ್ವಿಡ್ ಬೋಗುಣಿ ನೋಡಿದ, ಅವಳನ್ನು ನೋಡಿದ.

"ನಿನ್ನೆ ಮೂರು ಸಲ ಹೋದೆ ಅಂಗಡಿಗೆ" ಎಂದಳು ಸಿಗ್ರಿಡ್, ಏಪ್ರನ್ನಿನ ದಾರ ಬಿಗಿಯುತ್ತ. "ಮೂರು ಸಲಾನೂ ಆ ಥೋರಾ ಸೂಪು ಓದ್ತಾ ಅಲ್ಲೇ ನಿಂತಿದ್ಲು. ನಾ ಹೋಗೋವರೆಗೂ ಅಲುಗಲಿಲ್ಲ ಅವಳು."

"ನಿಮ್ಮಮ್ಮನಾದ್ರೂ ಸುಲೀತಿದ್ರಾ?" ಎಂದ ಆರ್ವಿಡ್, ಇದ್ದ ಕೊನೆಯ ಆಸೆ ಹಿಡಿದುಕೊಂಡು.

"ಅಮ್ಮನೇ ಹೇಳಿಕೊಟ್ಟಿದ್ದು." ಅವಳು ಗಡಿಯಾರ ನೋಡಿದಳು. "ಚರ್ಚಲ್ಲಿ ಮಾನ ಉಳಿಸ್ದೆ. ನಾಳೆಯದನ್ನೂ ಉಳಿಸಿಬಿಡು. ಐದು ಡಜನ್ ಆಗಬೇಕು."

ಗಡಿಯಾರದಲ್ಲಿ ಮೂರೂಮುಕ್ಕಾಲು. ಆರ್ವಿಡ್ ಇಕ್ಕಳ ಕೈಗೆತ್ತಿಕೊಂಡು ಮುಚ್ಚಳ ತಿರುಗಿಸಿದ, ಜಾಡಿಯನ್ನು ಬೋಗುಣಿಗೆ ಬಗ್ಗಿಸಿದ. ಬಸ್ಸಿನ ಮಾಡಿನ ಮೇಲೆ ಒಂದು ಚಿಟಿಕೆಯಷ್ಟು ಉಳಿದುಕೊಂಡಿತ್ತು.

"ಅದನ್ನೂ" ಎಂದಳು ಸಿಗ್ರಿಡ್.